ಚಿಕಿತ್ಸೆ ಮುಗಿದರೂ ನೋವು ಬಿಟ್ಟಿಲ್ಲ, ಏನು ಮಾಡಲಿ?

ಹಾವೇರಿಯಿಂದ ಪ್ರಶ್ನೆ:
ಸ್ತನ ಕ್ಯಾನ್ಸರಿಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದಿವೆ. ಈಗ ಕ್ಯಾನ್ಸರ್ ಮರಳದಂತೆ ಕೊಡುವ ಲೆಟ್ರೊಜೋಲ್ ಗುಳಿಗೆ ನಡೆದಿದೆ. ಕಂಕುಳು ಉರಿಯುತ್ತದೆ, ಬೆಳಿಗ್ಗೆ ಮೊಣಕಾಲು ಹಿಡಿದುಕೊಂಡಿರುತ್ತವೆ. ಎಲ್ಲಿ ನೋವು ಬಂದರೂ 'ಮತ್ತೆ ಬಂತಾ' ಅನ್ನೋದೇ ಚಿಂತೆ. ನಿಮಗೂ ಹೀಗಾಗಿತ್ತಾ?

ಹುಬ್ಬಳ್ಳಿಯಿಂದ:
ಅಕ್ಕಾ, ಎರಡೂ ನೋವು ನನಗೂ ಇದ್ದವು. ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿ ತೆಗೆಯುವಾಗ ತೋಳಿನ ಒಳಬದಿಗೆ ಹೋಗುವ ನರಕ್ಕೆ ಪೆಟ್ಟು ಬೀಳಬಹುದು. ಅದಕ್ಕೇ ಒಂದು ಕಡೆ ಜೋಮು, ಇನ್ನೊಂದು ಕಡೆ ಉರಿ. ನನಗಂತೂ ಕುಪ್ಪಸದ ತೋಳಿನ ಹೊಲಿಗೆ ತಾಗಿದರೂ ತಡೆಯುತ್ತಿರಲಿಲ್ಲ. ಪ್ಯಾರಾಸಿಟಮಾಲ್ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ನರದ ನೋವಿಗೆ ಗ್ಯಾಬಾಪೆಂಟಿನ್ ಥರದ ಬೇರೆ ಗುಳಿಗೆಗಳಿವೆ. ಉರಿಯಾ, ಚುಚ್ಚುತ್ತಾ, ಸೆಳೆತವಾ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಮೊಣಕಾಲಿನದು ಬಹುಶಃ ಲೆಟ್ರೊಜೋಲ್ ಕಾಟ. ಅದರಿಂದ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇಳಿಯುತ್ತದಲ್ಲ, ಕೀಲು ಬಿಗಿಯುತ್ತವೆ. ನಾನು ಉಣಕಲ್ ಕೆರೆ ದಂಡೆಗೆ ವಾಕಿಂಗ್ ಹೋಗುತ್ತೇನೆ. ಶುರುವಿಗೆ ಕುಂಟುತ್ತೇನೆ, ಆಮೇಲೆ ಸಲೀಸು. ಗುಳಿಗೆ ಮಾತ್ರ ನೀವಾಗಿ ಬಿಡಬೇಡಿ. ತೀರಾ ತಡೆಯದಿದ್ದರೆ ಅದೇ ಕೆಲಸದ ಬೇರೆ ಗುಳಿಗೆಗೆ ಬದಲಿಸುತ್ತಾರೆ. ನನಗೆ ಬದಲಿಸಿದ ಮೇಲೆ ಎಷ್ಟೋ ಹಗುರ.

ಗದಗಿನಿಂದ:
ನಮ್ಮಲ್ಲಿ ಅವ್ವನಿಗೆ ಆಗಿದ್ದು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಚೆಕಪ್‌ಗೆ ಹೋಗುವ ವಾರ ಬಂತೆಂದರೆ ಊಟ ಸೇರುವುದಿಲ್ಲ, ರೊಟ್ಟಿ ತಟ್ಟೆಯಲ್ಲೇ ಒಣಗುತ್ತದೆ. ಕಿರಾಣಿ ಲೆಕ್ಕದ ವಹಿಯ ಹಿಂದಿನ ಹಾಳೆಯಲ್ಲಿ ದಿನಾ ಬರೆಸುತ್ತೇನೆ: ಎಲ್ಲಿ ನೋವು, ಎಷ್ಟು ಜೋರು, ನಿದ್ದೆ ಕೆಡಿಸಿತಾ. ಹಳೇ ಹಾಳೆ ತಿರುವಿ 'ಇದು ಹೋದ ತಿಂಗಳೂ ಇತ್ತು, ತಾನೇ ಹೋಯ್ತು' ಅಂತ ಅವಳೇ ಹೇಳುತ್ತಾಳೆ. ನಾವು ನೂರು ಸಲ ಧೈರ್ಯ ಹೇಳುವುದಕ್ಕಿಂತ ಅದು ಚೊಲೋ. ಮಾತಾಡಿಸಲು ಬಂದ ನೆಂಟರು 'ಇಂಥವರಿಗೂ ಮರಳಿ ಬಂತು' ಅಂತ ಶುರು ಮಾಡಿದರೆ ಮುಲಾಜಿಲ್ಲದೆ ಮಾತು ತಿರುಗಿಸಿ. ಈ ಕಥೆ ಹೇಳೋರಿಗೆ ಏನು ಸಿಗುತ್ತೋ!

ಧಾರವಾಡದಿಂದ, ನರ್ಸ್:
ಒಂದೇ ಜಾಗದಲ್ಲಿ ವಾರಗಟ್ಟಲೆ ಏರುತ್ತಲೇ ಹೋಗುವ ನೋವು, ಮಲಗಿದರೂ ಬಿಡದ ನೋವು, ಹೊಸ ಗಂಟು, ನಿಲ್ಲದ ಕೆಮ್ಮು ಇದ್ದರೆ ಮುಂದಿನ ತಾರೀಖಿಗೆ ಕಾಯಬೇಡಿ. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಹೋದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಹೋಗಿ. ಏನೂ ಲಕ್ಷಣ ಇಲ್ಲದಿದ್ದರೆ ಹೇಳಿದ ದಿನಕ್ಕೆ ತಪಾಸಣೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಸಾಮಾನ್ಯವಾಗಿ ಸಾಕು. ಭಯಕ್ಕೆ ಸುಮ್ನೆ ಇಡೀ ಮೈ ನೋಡುವ ಪೆಟ್ ಸ್ಕ್ಯಾನ್ ಮಾಡಿಸಿದರೆ ಖರ್ಚು ಜಾಸ್ತಿ, ಲಾಭ ಇಲ್ಲ. ಲೆಟ್ರೊಜೋಲ್ ಎಲುಬನ್ನೂ ಸವೆಸುತ್ತದೆ, ಎಲುಬಿನ ಸಾಂದ್ರತೆ ಪರೀಕ್ಷೆ ಬಗ್ಗೆ ಕೇಳಿ. ರಾತ್ರಿ ಚಿಂತೆ ಹೆಚ್ಚಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾವೇರಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿ ಅಕ್ಕಾ, ಆ ನರದ ಗುಳಿಗೆ ಮಂಪರು ತರುತ್ತಾ?

ಹುಬ್ಬಳ್ಳಿಯಿಂದ:
ತರುತ್ತದೆ. ನನಗೆ ಮೊದಮೊದಲು ರಾತ್ರಿ ಹೊತ್ತಿಗೇ ಕೊಟ್ಟಿದ್ದರು.