ಶಾಖಾ ಗ್ರಂಥಾಲಯದ ಚಾರ್ಜ್: ಪುಸ್ತಕ ಕಡಿಮೆ ಬಂದರೆ ಯಾರ ತಲೆಗೆ?

ಹೊಸ_ಚಾರ್ಜ್
ನಗರದ ಶಾಖಾ ಗ್ರಂಥಾಲಯ. ಅಕ್ಸೆಷನ್ ರಿಜಿಸ್ಟರ್‌ನಲ್ಲಿ (ಬಂದ ಪ್ರತಿ ಪುಸ್ತಕಕ್ಕೂ ಕ್ರಮವಾಗಿ ನಂಬರ್ ಕೊಟ್ಟು ಬರೆಯುವ ದಾಖಲೆ) ಕೊನೆಯ ನಂಬರ್ 14,382. ರ‍್ಯಾಕ್‌ಗಳಲ್ಲಿ ಎಣಿಸಿದರೆ ಹನ್ನೆರಡೂವರೆ ಸಾವಿರದ ಆಸುಪಾಸು. ವರ್ಗವಾಗಿ ಹೋಗುವವರು "ಇದ್ದಂತೆ ವಹಿಸಿಕೊಂಡಿದ್ದೇನೆ" ಅಂತ ಬರೆದು ಸಹಿ ಹಾಕಿ ಅಂತಿದ್ದಾರೆ. ಸಿಬ್ಬಂದಿ ಇಬ್ಬರೇ. ಬೆಳಗ್ಗೆಯಿಂದಲೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ ಹಾಲ್ ಭರ್ತಿ, ಎಣಿಕೆಗೆಂದು ಬಾಗಿಲು ಹಾಕುವ ಹಾಗಿಲ್ಲ. ಸಹಿ ಹಾಕಿದರೆ ಮುಂದೆ ಆಡಿಟ್‌ನಲ್ಲಿ ಕೊರತೆಯ ಬೆಲೆ ಸಂಬಳದಿಂದ ಹಿಡಿಯುತ್ತಾರಾ? ಎಣಿಕೆ ಎಲ್ಲಿಂದ ಶುರು ಮಾಡಬೇಕು?

ಹಳೇ_ರಿಜಿಸ್ಟರ್
"ಇದ್ದಂತೆ" ಅನ್ನೋ ಪದಕ್ಕೆ ಸಹಿ ಬೇಡವೇ ಬೇಡ. ಚಾರ್ಜ್ ಪಟ್ಟಿಯಲ್ಲಿ ಹೀಗೆ ಬರೆಯಿರಿ: "ನಗದು, ರಸೀದಿ ಪುಸ್ತಕ, ಪೀಠೋಪಕರಣಗಳ ಮಟ್ಟಿಗೆ ಚಾರ್ಜ್ ವಹಿಸಿಕೊಂಡಿದ್ದೇನೆ, ಪುಸ್ತಕಗಳ ಭೌತಿಕ ಪರಿಶೀಲನೆ ಬಾಕಿ ಇದೆ." ಅದರ ಒಂದು ಪ್ರತಿ ಅದೇ ದಿನ ಮೇಲಧಿಕಾರಿಗೆ ಹೋಗಲಿ, ಸ್ವೀಕೃತಿಯ ಮೊಹರು ನಿಮ್ಮ ಪ್ರತಿಯ ಮೇಲಿರಲಿ.

ಇನ್ನು 14,382ರಲ್ಲಿ ಹನ್ನೆರಡೂವರೆ ಸಾವಿರ ಕಳೆದರೆ ಬರೋದು ಕೊರತೆ ಅಲ್ಲ. ಎರವಲು ಹೋದದ್ದು, ಬೈಂಡಿಂಗ್‌ಗೆ ಹೋದದ್ದು, ಬೇರೆ ಶಾಖೆಗೆ ಕಳಿಸಿ ರಿಜಿಸ್ಟರ್‌ನಲ್ಲಿ ಷರಾ ಬರೆಯದೆ ಬಿಟ್ಟದ್ದು, ಹಿಂದೆಯೇ ರದ್ದಾದದ್ದು ಎಲ್ಲ ಅದರೊಳಗೇ ಇರುತ್ತೆ. ಅವನ್ನು ತೆಗೆದ ಮೇಲೆ ಉಳಿಯೋದೇ ನಿಜವಾದ ಕೊರತೆ.

ಎಣಿಸುವಾಗ ರಿಜಿಸ್ಟರ್‌ನಲ್ಲೇ ಪೆನ್ಸಿಲ್ ಗುರುತು ಹಾಕಬೇಡಿ, ಮುಂದಿನ ಸಲ ಯಾವ ಗುರುತು ಯಾವ ವರ್ಷದ್ದು ಅಂತ ಗೊತ್ತಾಗಲ್ಲ. 1ರಿಂದ 14,382ರವರೆಗೆ ನಂಬರ್ ಇರುವ ಹಾಳೆ ಮಾಡಿಕೊಳ್ಳಿ. ಪುಟಕ್ಕೆ 200ರಂತೆ 72 ಪುಟ ಸಾಕು. ಮೊದಲ ದಿನ ರ‍್ಯಾಕ್ ಮುಟ್ಟದೆ ಎರವಲು ಟ್ರೇಯಲ್ಲಿರುವ ಬುಕ್ ಕಾರ್ಡ್‌ಗಳನ್ನೆಲ್ಲ (ಪುಸ್ತಕ ಎರವಲು ಕೊಡುವಾಗ ಅದರಿಂದ ತೆಗೆದಿಟ್ಟುಕೊಳ್ಳುವ ಕಾರ್ಡ್) ನೋಡಿ ಆ ನಂಬರ್‌ಗಳನ್ನು ಹೊಡೆದುಹಾಕಿ. ಎಣಿಕೆ ಮುಗಿಯುವ ತನಕ ವಾಪಸ್ ಬಂದ ಪುಸ್ತಕ ಬೇರೆ ಕಪಾಟಿನಲ್ಲಿರಲಿ, ಇಲ್ಲದಿದ್ದರೆ ಒಂದೇ ಪುಸ್ತಕ ಎರಡು ಸಲ ಲೆಕ್ಕಕ್ಕೆ ಬರುತ್ತೆ. ಆಮೇಲೆ ದಿನಕ್ಕೆ ಒಂದೆರಡು ರ‍್ಯಾಕ್. ಒಬ್ಬರು ನಂಬರ್ ಓದೋದು, ಇನ್ನೊಬ್ಬರು ಹೊಡೆಯೋದು. ಮುಗಿದ ರ‍್ಯಾಕ್‌ಗೆ ತಾರೀಖಿನ ಚೀಟಿ ಅಂಟಿಸಿ. ಬಾಗಿಲು ಹಾಕಬೇಕಿಲ್ಲ, ಇನ್ನೂ ಎಣಿಸದ ರ‍್ಯಾಕ್‌ನಿಂದ ಎರವಲು ಹೋದ ನಂಬರನ್ನು ಆಗಲೇ ಹಾಳೆಯಲ್ಲಿ ಹೊಡೆದರೆ ಆಯ್ತು.

ನಂಬರನ್ನು ಬೆನ್ನಿನ ಚೀಟಿ ನೋಡಿ ಓದಬೇಡಿ. ಚೀಟಿ ಬಿದ್ದುಹೋಗಿರುತ್ತೆ, 8 ಸವೆದು 3 ಆಗಿರುತ್ತೆ. ಶೀರ್ಷಿಕೆ ಪುಟದ ಹಿಂಭಾಗ ನೋಡಿ. ಬೈಂಡಿಂಗ್‌ನಲ್ಲಿ ಆ ಪುಟವೇ ಹೋಗಿದ್ದರೆ ಸೀಕ್ರೆಟ್ ಪೇಜ್ ತೆಗೆಯಿರಿ. ಆ ಗ್ರಂಥಾಲಯದಲ್ಲಿ ಎಲ್ಲ ಪುಸ್ತಕಕ್ಕೂ ಒಂದೇ ಪುಟ ಗೊತ್ತು ಮಾಡಿರುತ್ತಾರೆ, ಅಲ್ಲಿ ಮೊಹರಿನ ಜೊತೆ ನಂಬರ್ ಇರುತ್ತೆ. ಯಾವ ಪುಟ ಅಂತ ಹೋಗುವವರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಲೆಕ್ಕಪತ್ರ
ವಸೂಲಿ ವಿಷಯಕ್ಕೆ: ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017, ನಿಯಮ 215 ಓದಿ. 20,000 ಪುಸ್ತಕದವರೆಗೆ ಪ್ರತಿ ವರ್ಷ ಪೂರ್ತಿ ಪರಿಶೀಲನೆ. 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ. ಅದಕ್ಕೂ ಮೇಲಿದ್ದರೆ ಮಾದರಿ ಪರಿಶೀಲನೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಅಲ್ಲೇ ಕೂತು ಓದಿದ ಪ್ರತಿ ಸಾವಿರಕ್ಕೆ ಐದು ಪುಸ್ತಕ ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಜ ನಷ್ಟ ಅಂತ ಪರಿಗಣಿಸಬಹುದು. ಆದರೆ 1,000 ರೂಪಾಯಿ ಮೀರಿದ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ವಿಚಾರಣೆ ಆಗಲೇಬೇಕು. ರಾಜ್ಯದ ಗ್ರಂಥಾಲಯಕ್ಕೆ ಇದು ನೇರವಾಗಿ ಅನ್ವಯಿಸಲ್ಲ, ಆದರೆ ಆಕ್ಷೇಪಣೆಗೆ ಉತ್ತರ ಬರೆಯುವಾಗ ಅಳತೆಗೋಲಾಗಿ ತೋರಿಸಬಹುದು.

ಇಲ್ಲೊಂದು ಸೂಕ್ಷ್ಮ ಇದೆ. ಸಾವಿರಕ್ಕೆ ಐದು ಅನ್ನೋದು ಇರುವ ಪುಸ್ತಕದ ಮೇಲಲ್ಲ, ಬಳಕೆಯ ಮೇಲೆ. ವರ್ಷಕ್ಕೆ 6,000 ಎರವಲು ಮಾತ್ರ ದಾಖಲಾಗಿದ್ದರೆ 30 ಪುಸ್ತಕಕ್ಕೆ ವಿನಾಯಿತಿ. ಮೇಜಿನ ಮೇಲೆ ಓದಿ ಬಿಟ್ಟುಹೋದದ್ದು ಇನ್ನೂ 24,000 ಇದ್ದು ಅದೂ ದಾಖಲೆಯಲ್ಲಿದ್ದರೆ 150. ಆದ್ದರಿಂದ ಸಂಜೆ ಪುಸ್ತಕ ರ‍್ಯಾಕ್‌ಗೆ ಹಾಕುವ ಮೊದಲು ಮೇಜಿನ ಮೇಲಿದ್ದದ್ದನ್ನು ಎಣಿಸಿ ಡೈರಿಯಲ್ಲಿ ಬರೆದಿಡಿ. ಐದು ನಿಮಿಷದ ಕೆಲಸ, ಆದರೂ ಬಹಳ ಕಡೆ ಮಾಡಲ್ಲ.

ಬಾರ್‌ಕೋಡ್
ಕೋಹಾ (ಗ್ರಂಥಾಲಯದ ಸಾಫ್ಟ್‌ವೇರ್) ಇದ್ದರೆ ಹಾಳೆ ಬೇಡ. ಬಾರ್‌ಕೋಡ್‌ಗಳನ್ನು ಸ್ಕ್ಯಾನ್ ಮಾಡಿ ಟೆಕ್ಸ್ಟ್ ಫೈಲ್ ಮಾಡಿ, ಇನ್ವೆಂಟರಿ ಟೂಲ್‌ಗೆ ಏರಿಸಿ. ಎರವಲಿನಲ್ಲಿರುವ ಪುಸ್ತಕ ಸ್ಕ್ಯಾನ್ ಆದರೆ ಅದು ತಾನಾಗಿಯೇ ವಾಪಸ್ ಬಂದದ್ದು ಅಂತ ದಾಖಲಾಗುತ್ತೆ. ಬೇಡ ಅಂದರೆ ಅದನ್ನು ತಡೆಯುವ ಆಯ್ಕೆಗೆ ಟಿಕ್ ಹಾಕಿ.

ಹೊಸ_ಚಾರ್ಜ್
ಇಲ್ಲಿ ಇರೋದು ಕಾರ್ಡೇ. ಹಿಂದಿನ ಕೋಣೆಯಲ್ಲಿ ಗೆದ್ದಲು ತಿಂದ ಪುಸ್ತಕ ಐದು ಮೂಟೆ ಇದೆ. ಎಸೆದುಬಿಡಬಹುದಾ?

ಹಳೇ_ರಿಜಿಸ್ಟರ್
ಎಸೆದರೆ ಅಷ್ಟೂ "ಕಳೆದುಹೋದವು" ಪಟ್ಟಿಗೆ ಸೇರುತ್ತೆ! ರದ್ದತಿ ಆದೇಶ ಬರುವ ತನಕ ಅವೇ ನಿಮ್ಮ ಸಾಕ್ಷಿ. ಮೂಟೆಗಳನ್ನು ಮೊದಲು ರ‍್ಯಾಕ್ ಇರುವ ಕೋಣೆಯಿಂದ ದೂರ, ನೆಲದಿಂದ ಮೇಲೆ ಇಡಿ. ಗೋಡೆಗೆ ತಾಗಿಸಬೇಡಿ, ಗೆದ್ದಲಿನ ಮಣ್ಣಿನ ದಾರಿ ಅಲ್ಲಿಂದಲೇ ಹತ್ತೋದು. ಒಂದೊಂದನ್ನೇ ಬಿಡಿಸಿ ನಂಬರ್ ಹುಡುಕಿ. ಗೆದ್ದಲು ಸಾಮಾನ್ಯವಾಗಿ ರಟ್ಟು, ಅಂಟು ಇರುವ ಕಡೆಯಿಂದ ತಿನ್ನುತ್ತೆ, ಹಾಗಾಗಿ ಬೆನ್ನು ಪೂರ್ತಿ ಹೋಗಿದ್ದರೂ ಒಳಗಿನ ಸೀಕ್ರೆಟ್ ಪೇಜ್ ಉಳಿದಿರೋ ಸಂಭವ ಇದೆ. ಸಿಕ್ಕ ನಂಬರ್, ಶೀರ್ಷಿಕೆ, ಬೆಲೆ, ಹಾಳಾದ ಕಾರಣ ಬರೆದು ಫೋಟೋ ಸಮೇತ ರದ್ದತಿ ಪ್ರಸ್ತಾವ ಕಳಿಸಿ.

ಲೆಕ್ಕಪತ್ರ
ಒಂದು ಮಾತು ಸೇರಿಸ್ತೀನಿ. ಆಸ್ತಿ ತೆರಿಗೆಯ ಜೊತೆ 6% ಗ್ರಂಥಾಲಯ ಕರ ವಸೂಲಾಗುತ್ತೆ. ಸ್ಥಳೀಯ ಸಂಸ್ಥೆಯಿಂದ ಆ ಹಣ ಬರೋದು ತಡವಾದರೆ ಬೈಂಡಿಂಗ್, ಗೆದ್ದಲು ಔಷಧಿ ಎರಡೂ ಮುಂದಕ್ಕೆ ಹೋಗುತ್ತೆ. ದುರಸ್ತಿಗೆ, ಔಷಧಿಗೆ ಬರೆದ ಹಳೆಯ ಬೇಡಿಕೆ ಪತ್ರಗಳು ಕಡತದಲ್ಲಿದ್ದರೆ ಪ್ರಸ್ತಾವಕ್ಕೆ ಲಗತ್ತಿಸಿ. ನಿರ್ಲಕ್ಷ್ಯ ಸಿಬ್ಬಂದಿಯದ್ದಲ್ಲ ಅಂತ ತೋರಿಸೋಕೆ ಅದಕ್ಕಿಂತ ಗಟ್ಟಿ ಕಾಗದ ಸಿಗಲ್ಲ. ದಯವಿಟ್ಟು ವಸೂಲಿ ಭಯಕ್ಕೆ ಬೀರುಗಳಿಗೆ ಬೀಗ ಮಾತ್ರ ಹಾಕಬೇಡಿ. ಎರವಲು ನಿಂತರೆ ಬಳಕೆಯ ಸಂಖ್ಯೆ ಬೀಳುತ್ತೆ, ಅದರ ಜೊತೆ ನಿಮ್ಮ ವಿನಾಯಿತಿಯೂ.

ಹೊಸ_ಚಾರ್ಜ್
ಸರಿ. ನಾಳೆ ಟ್ರೇಯಿಂದ ಶುರು. ಸೀಕ್ರೆಟ್ ಪೇಜ್ 37 ಅಂತೆ, ಕೇಳಿದೆ.