ತಾಳ್ಮೆ, ಸಹನೆ, ಸಮಾಧಾನ: ಬೋರ್ಡಿಗೆ ಯಾವುದು ಸರಿ?

ಮಲ್ಪೆದಾರಿ:
ಉಡುಪಿಯ ಒಂದು ಕ್ಲಿನಿಕ್ಕಿನ ಟೋಕನ್ ಕೌಂಟರಿಗೆ ಬೋರ್ಡ್ ಬರೆಸಬೇಕಿದೆ. ‘ತಾಳ್ಮೆಯಿಂದಿರಿ’, ‘ಸಹನೆಯಿಂದಿರಿ’, ‘ಸಮಾಧಾನ ಮಾಡಿ’, ಈ ಮೂರರಲ್ಲಿ ಯಾವುದು? ಮೂರಕ್ಕೂ ಅರ್ಥ ಒಂದೇನಾ?

ಬಾಳೆನಾರು:
ಒಂದೇ ಅಲ್ಲ. ‘ತಾಳು’ ಧಾತುವಿಗೆ ‘ಮೆ’ ಸೇರಿ ತಾಳ್ಮೆ, ಅಚ್ಚಗನ್ನಡ. ಸಹನೆ ಸಂಸ್ಕೃತದ್ದು. ಬಳಕೆಯಲ್ಲಿ ತಾಳ್ಮೆಯ ನಂಟು ಹೆಚ್ಚಾಗಿ ಹೊತ್ತಿನ ಜೊತೆ, ಸಹನೆಯದ್ದು ನೋವು-ಕಿರಿಕಿರಿಯ ಜೊತೆ. ಶಂಕರಪುರ ಮಲ್ಲಿಗೆ ನೋಡಿ: ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಷ್ಟನ್ನೂ ಬಾಳೆನಾರಿನಲ್ಲಿ ಕಟ್ಟಲು ಬೇಕಾದದ್ದು ತಾಳ್ಮೆ. ಅಲ್ಲಿ ಸಹನೆ ಎಂದರೆ ಹೂ ಕಟ್ಟುವುದೇ ಒಂದು ಹಿಂಸೆ ಎಂದಂತಾಗುತ್ತದೆ. ಎದುರಿನವರು ಬಯ್ಯುತ್ತಿದ್ದರೂ ಸುಮ್ಮನಿರುವುದಕ್ಕೆ ಸಹನೆ ಒಪ್ಪುತ್ತದೆ.

ತಪ್ಪುವುದು ಹೆಚ್ಚಾಗಿ ಕ್ರಿಯಾಪದದಲ್ಲಿ. ‘ತಾಳ್ಮೆ ಮಾಡಿ’ ಎನ್ನುವುದಿಲ್ಲ, ‘ತಂದುಕೊಳ್ಳಿ’ ಎನ್ನಬೇಕು. ‘ಅಸಹನೆ’ ಇದೆ, ‘ಅತಾಳ್ಮೆ’ ಇಲ್ಲ, ತಾಳ್ಮೆ ಕೆಡುತ್ತದೆ. ಮಾಡುವುದು ಸಮಾಧಾನ ಮಾತ್ರ, ಅದೂ ಅಳುವ ಮಗುವಿಗೆ, ಸಿಟ್ಟಾದವರಿಗೆ. ಇನ್ನೂ ಸಿಟ್ಟೇ ಬಾರದವರಿಗೆ ಅದನ್ನು ಬರೆಯಬೇಡಿ.

ಪಡುಗಾಳಿ:
ಗೆರೆ ಅಷ್ಟು ಖಡಕ್ಕಾಗಿಲ್ಲ. ‘ತಾಳು, ಬಂದೆ’ ಎಂದರೆ ಕಾಯುವುದು. ‘ಸೆಕೆ ತಾಳಲಾಗುವುದಿಲ್ಲ’ ಎಂದರೆ ಸಹಿಸುವುದು. ‘ಈ ಕೊಡೆ ಎರಡು ಮಳೆಗಾಲ ತಾಳೀತು’ ಎಂದರೆ ಬಾಳಿಕೆ. ‘ತಾಳಿದವನು ಬಾಳಿಯಾನು’ ಗಾದೆಯಲ್ಲಿರುವುದು ಸಹಿಸುವ ಅರ್ಥ. ಅಂದ ಹಾಗೆ, ‘ಬಾಳಿಯಾನು’ ಸಂಭಾವನೆಯ ರೂಪ: ಬಾಳಬಹುದು ಎಂದಷ್ಟೆ, ಬಾಳೇ ಬಾಳುತ್ತಾನೆ ಎಂದಲ್ಲ.

ಕುಡ್ಲದವ:
ಬಾಯಿಮಾತಿಗಾದರೆ ನಮ್ಮಲ್ಲಿ ‘ಸ್ವಲ್ಪ ನಿಲ್ಲಿ ಮಾರಾಯ್ರೆ’ ಸಾಕು. ತುಳುವಿನ ‘ಒಂತೆ ಉಂತ್ಲೆ’ಯ ನೆರಳು ಅದು, ‘ಉಂತು’ ಎಂದರೆ ನಿಲ್ಲುವುದೂ ಹೌದು, ಕಾಯುವುದೂ ಹೌದು. ಬೋರ್ಡಿಗೆ ಬೇಡ, ಘಟ್ಟದ ಮೇಲಿನವರು ಎದ್ದು ನಿಲ್ಲಬೇಕೆಂದುಕೊಂಡಾರು.

‘ತಾಳ್ಮೆಯಿಂದಿರಿ’ಯೂ ಬೇಡ ಎನ್ನುತ್ತೇನೆ. ಬುದ್ಧಿ ಹೇಳಿದ ಹಾಗೆ ಕೇಳುತ್ತದೆ, ನೋವಿನಲ್ಲಿ ಕೂತವರಿಗಂತೂ ಚುಚ್ಚುತ್ತದೆ. ಏನು ಮಾಡಬೇಕೋ ಅದನ್ನೇ ಬರೆಯಿರಿ: ‘ಟೋಕನ್ ನಂಬರ್ ಕರೆಯುವವರೆಗೆ ದಯವಿಟ್ಟು ಕುಳಿತಿರಿ. ತುಂಬಾ ನೋವಿದ್ದರೆ ಕೌಂಟರಿನಲ್ಲಿ ತಿಳಿಸಿ.’

ಮಲ್ಪೆದಾರಿ:
ಇದನ್ನೇ ಬರೆಸುತ್ತೇವೆ. ಡಾಕ್ಟರು ಬರುವುದು ತಡವಾದ ದಿನ ಅಂಟಿಸುವ ಚೀಟಿಗೆ?

ಬಾಳೆನಾರು:
ಮೊದಲು ಗಂಟೆ ಬರೆಯಿರಿ: ‘ಡಾಕ್ಟರು ಇಂದು 11 ಗಂಟೆಗೆ ಬರುತ್ತಾರೆ.’ ಕೆಳಗೆ ‘ನಿಮ್ಮ ತಾಳ್ಮೆಗೆ ಧನ್ಯವಾದ’ ಹಾಕಬಹುದು. ಗಂಟೆ ಬರೆಯದೆ ಅದೊಂದನ್ನೇ ಹಾಕಬೇಡಿ.