ಅಪ್‌ಡೇಟ್: ಇದ್ದಲ್ಲೇ ಸ್ಟ್ರಿಂಗ್ ತಿದ್ದುವ ಸಿ ಫಂಕ್ಷನ್ ಏನನ್ನು ಹಿಂದಿರುಗಿಸಬೇಕು?

ಸಿ ಭಾಷೆಯಲ್ಲಿ ಸ್ಟ್ರಿಂಗ್‌ನ (ಅಕ್ಷರಗಳ ಸರಣಿಯ) ಎರಡೂ ತುದಿಗಳ ಖಾಲಿ ಜಾಗವನ್ನು ಅದೇ ಬಫರ್‌ನಲ್ಲಿ, ಅಂದರೆ ಅದಿರುವ ಮೆಮೊರಿಯಲ್ಲೇ, ತೆಗೆದುಹಾಕುವ ನನ್ನ ಟ್ರಿಮ್ ಫಂಕ್ಷನ್ ಪಾಯಿಂಟರ್ (ಮೆಮೊರಿ ವಿಳಾಸ) ಹಿಂದಿರುಗಿಸಬೇಕೇ, ಏನನ್ನೂ ಹಿಂದಿರುಗಿಸದ ವಾಯ್ಡ್ ಆಗಿರಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಕೊನೆಗೆ ಎರಡನ್ನೂ ಬಿಟ್ಟು, ತಿದ್ದಿದ ನಂತರದ ಉದ್ದವನ್ನು ಹಿಂದಿರುಗಿಸುವಂತೆ ಬರೆದಿದ್ದೇನೆ.

ಸ್ಟ್ರಿಂಗನ್ನು ನಕಲಿಸುವ ಸ್ಟ್ರ್‌ಕಾಪಿ, ಒಂದರ ಕೊನೆಗೆ ಇನ್ನೊಂದನ್ನು ಜೋಡಿಸುವ ಸ್ಟ್ರ್‌ಕ್ಯಾಟ್‌ಗಳು ತಮಗೆ ಕೊಟ್ಟ ಮೊದಲ ಆರ್ಗ್ಯುಮೆಂಟನ್ನೇ (ಫಲಿತಾಂಶ ಬರೆಯುವ ಜಾಗದ ವಿಳಾಸವನ್ನೇ) ಮರಳಿ ಕೊಡುವುದರಿಂದ ಒಂದು ಕರೆಯೊಳಗೆ ಇನ್ನೊಂದನ್ನು ಸೇರಿಸಿ ಬರೆಯಬಹುದು ಎಂಬುದು ನಿಜ. ಆದರೆ ಆ ವಿಳಾಸ ಕರೆದವರ ಬಳಿ ಮೊದಲೇ ಇರುತ್ತದೆ, ಫಂಕ್ಷನ್ ಅಕ್ಷರ ಅಕ್ಷರವಾಗಿ ಸಾಗಿ ತಲುಪಿದ ಅಂತ್ಯದ ಜಾಗ ಮಾತ್ರ ಯಾರಿಗೂ ಸಿಗದೆ ಹೋಗುತ್ತದೆ. ಲೂಪಿನೊಳಗಿನ ಸ್ಟ್ರ್‌ಕ್ಯಾಟ್ ಪ್ರತಿ ಸಲವೂ ಆರಂಭದಿಂದ ಹುಡುಕಬೇಕಾಗುವುದು ಇದರಿಂದಲೇ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪೋಸಿಕ್ಸ್‌ನ 2008ರ ಆವೃತ್ತಿಯಲ್ಲಿ ಸೇರಿದ, ಸ್ಟ್ರ್‌ಕಾಪಿಯಂತೆಯೇ ನಕಲಿಸುವ ಎಸ್‌ಟಿಪಿಕಾಪಿ ಅಂತ್ಯದ ಪಾಯಿಂಟರನ್ನೇ ಕೊಡುತ್ತದೆ. ನನಗೆ ಅದು ಹೆಚ್ಚು ಸಮಂಜಸವೆನಿಸುತ್ತದೆ.

ಮುಂಭಾಗದ ಖಾಲಿ ಜಾಗವನ್ನು ದಾಟಿದ ಪಾಯಿಂಟರ್ ಕೊಟ್ಟರೆ ಸಾಕು ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ಮೆಮೊರಿ ಕೊಡುವ ಮ್ಯಾಲಾಕ್‌ನಿಂದ ಪಡೆದ ವಿಳಾಸವಿರುವ ವೇರಿಯಬಲ್‌ಗೇ ಅದನ್ನು ಯಾರಾದರೂ ಹಾಕಿಕೊಂಡರೆ ಮೂಲ ವಿಳಾಸ ಕಳೆದುಹೋಗಿ, ಮುಂದೆ ಆ ಮೆಮೊರಿಯನ್ನು ಬಿಟ್ಟುಕೊಡಲು ಫ್ರೀ ಕರೆದಾಗ ಪ್ರೋಗ್ರಾಂ ಕುಸಿಯಬಹುದು. ಆದ್ದರಿಂದ ಉಳಿದ ಪಠ್ಯವನ್ನು ಮೆಮ್‌ಮೂವ್‌ನಿಂದ ಹಿಂದಕ್ಕೆ ಸರಿಸಿದ್ದೇನೆ. ಎತ್ತುವ ಮತ್ತು ಬರೆಯುವ ಭಾಗಗಳು ಒಂದರ ಮೇಲೊಂದು ಬರಬಹುದಾದ್ದರಿಂದ, ಅದಕ್ಕೆ ಅವಕಾಶವಿಲ್ಲದ ಮೆಮ್‌ಕಾಪಿ ಇಲ್ಲಿ ಸಲ್ಲದು.

ಇನ್ನೊಂದು ವಿಷಯ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ‘ಕ’ 3 ಬೈಟ್‌ಗಳಾಗುತ್ತದೆ, ಒಂದು ಬೈಟ್ ಹಿಡಿಯುವ ಕ್ಯಾರ್ ಎಂಬ ಪ್ರಕಾರವು ಸೈನ್ಡ್ (ಋಣಸಂಖ್ಯೆಯನ್ನೂ ಹಿಡಿಯುವಂಥದ್ದು) ಆಗಿರುವ ಕಂಪೈಲರ್‌ಗಳಲ್ಲಿ ಅವು ಮೂರೂ ಋಣಸಂಖ್ಯೆಗಳೇ. ಖಾಲಿ ಜಾಗವೇ ಎಂದು ಪರೀಕ್ಷಿಸುವ ಇಸ್‌ಸ್ಪೇಸ್‌ಗೆ ಅಂಥ ಋಣಸಂಖ್ಯೆಗಳನ್ನು ಕೊಡುವಂತಿಲ್ಲ. ಹೀಗಾಗಿ ಅದಕ್ಕೆ ಕೊಡುವ ಮುನ್ನ ಪ್ರತಿ ಬೈಟನ್ನೂ ಋಣಸಂಖ್ಯೆಯಿಲ್ಲದ ಅನ್‌ಸೈನ್ಡ್ ಕ್ಯಾರ್‌ಗೆ ಕ್ಯಾಸ್ಟ್ ಮಾಡಿದ್ದೇನೆ (ಪರಿವರ್ತಿಸಿದ್ದೇನೆ).